ಕವಲುಗೂಟದ ಬಸ್ಸು

ಮೊನ್ನೆ ನಮ್ಮೂರ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ರೂಮಿಗೆ ಹೋಗಿ, ಕೈ ಮುಗಿದು, ಒಂದು ವಿನಂತಿ ಮಾಡಿಕೊಂಡೆ.

"ನಾ ರಿಪೇರಿ ಮಾಡಿದ ಬೋರ್ಡು ಐತಲ್ಲ ಕೊಟ್ರೇಶಿ, ಅದನ್ನ ಮತ್ತ ಕೆಡಸಾಕ ಬಿಡಪ್ಪ."

ಕಂಟ್ರೋಲರ್ ಕೊಟ್ರೇಶಿ ಪೆನ್ನು ಕೆಳಗಿಟ್ಟ. ನನ್ನ ಮುಖ ನೋಡಿದ. ಆಮೇಲೆ ಆಸ್ಪತ್ರೆಯಲ್ಲಿ ಮಲಗಿದವರನ್ನು ಮಾತಾಡಿಸುವ ದನಿಯಲ್ಲಿ ಕೇಳಿದ: "ಅಜ್ಜಾರ, ಇವತ್ತು ಬಿಪಿ ಗುಳಿಗಿ ನುಂಗೀರೋ ಇಲ್ಲೋ?"

ನುಂಗಿದ್ದೆ. ತಲೆಯೂ ನೆಟ್ಟಗಿತ್ತು. ಕೆಟ್ಟದ್ದು ಬೇರೆ ಏನೋ. ಪ್ರತಿ ವಾರ ಪತ್ರಿಕೆಯ ಇದೇ ಜಾಗದಲ್ಲಿ ಊರಿನ ತಪ್ಪುಗಳನ್ನು ಹುಡುಕಿ ಹುಡುಕಿ ನಿಮಗೆ ಉಣಬಡಿಸುತ್ತೇನೆ. ಗಟಾರ, ಬೀದಿದೀಪ, ವಾರಕ್ಕೊಮ್ಮೆ ಬರುವ ನಳದ ನೀರು. ಈ ವಾರ ಗಟಾರಕ್ಕೆ ರಜೆ. ತಪ್ಪು ನನ್ನದೇ, ಮತ್ತು ಅದು ಗಟಾರಕ್ಕಿಂತ ದೊಡ್ಡದು.

ನನ್ನ ಕಸುಬು ನಿಮಗೆ ಗೊತ್ತಿದೆ. ಎಸೆಸೆಲ್ಸಿ ಪಾಸಾದ ವರ್ಷವೇ ಪ್ರೆಸ್ಸಿಗೆ ಸೇರಿದವನು. ಸೀಸದ ಅಚ್ಚುಮೊಳೆ ಒಂದೊಂದೇ ಆರಿಸಿ ಜೋಡಿಸಿದವನು. ಕಂಪ್ಯೂಟರ್ ಬಂದ ಮೇಲೆ ಡಿಟಿಪಿ ಕಲಿತು, ಈ ಸುತ್ತಿನ ಎಷ್ಟೋ ಲಗ್ನಪತ್ರಿಕೆಗಳನ್ನು ಟೈಪ್ ಮಾಡಿದವನು. (ನಿಮ್ಮ ಮದುವೆಯ ಕಾರ್ಡಿನಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿ ಜಗಳ ಆಗಿದ್ದರೆ ಆ ತಪ್ಪೂ ಬಹುಶಃ ನನ್ನದೇ.) ಒಟ್ಟಿನಲ್ಲಿ ಅಕ್ಷರ ಕೆಟ್ಟು ನಿಂತರೆ ನನಗೆ ತಡೆಯುವುದಿಲ್ಲ. ಊಟದಲ್ಲಿ ಕಲ್ಲು ಸಿಕ್ಕ ಹಾಗೆ ಆಗುತ್ತದೆ.

ಹಾಗಿರುವಾಗ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಏನಾಯಿತು ಅಂದರೆ, ಮಳೆಗಾಲ ಶುರುವಾಗುವ ಹೊತ್ತಿಗೆ ಕಂಟ್ರೋಲರ್ ರೂಮಿನ ಹಳೆಯ ಕಂಪ್ಯೂಟರ್ ಸತ್ತು ಹೊಸದು ಬಂತು. ಗೋಡೆಯ ಮೇಲಿರುವ ದೊಡ್ಡ ಟೀವಿಗೆ ಬಸ್ಸಿನ ಊರು, ಹೊರಡುವ ಹೊತ್ತು, ದಿನಾ ಬದಲಾಗುವ ಪ್ಲಾಟ್‌ಫಾರ್ಮ್ ನಂಬರು ಹೋಗುವುದು ಅದೇ ಕಂಪ್ಯೂಟರಿನಿಂದ. ಹೊಸದು ಬಂದ ದಿನದಿಂದ ಹೊತ್ತು ಸರಿ, ನಂಬರು ಸರಿ, ಊರು ಮಾತ್ರ ಯಾವ ಲೋಕದ್ದೋ! ಹರಪನಹಳ್ಳಿ ಇರಬೇಕಾದ ಕಡೆ ಹೀಗಿತ್ತು:

ºÀgÀ¥À£ÀºÀ½î

(ಇದನ್ನು ಹಾಗೇ ಅಚ್ಚು ಹಾಕಿ, ದಯವಿಟ್ಟು ಸರಿ ಮಾಡಬೇಡಿ ಎಂದು ಪತ್ರಿಕೆಯವರಿಗೆ ಫೋನ್ ಮಾಡಿ ಹೇಳಿದ್ದೇನೆ.)

ಕೂಡ್ಲಿಗಿ PÀÆrèV ಆಗಿತ್ತು. ಹಡಗಲಿ ºÀqÀUÀ° ಆಗಿತ್ತು. ಕೊಟ್ಟೂರು ಏನಾಗಿತ್ತೋ, ಸಾಕ್ಷಾತ್ ಕೊಟ್ಟೂರಿನವರಿಗೇ ಗುರುತು ಸಿಗಲಿಲ್ಲ.

ಯಾಕೆ ಹೀಗಾಗುತ್ತದೆ? ಕಷ್ಟವಿಲ್ಲ, ಹೇಳುತ್ತೇನೆ. ನಮ್ಮ ಕಡೆಯ ಬಯಲಾಟ ನೋಡಿದ್ದೀರಲ್ಲ? ಕಿರೀಟ, ಭುಜಕೀರ್ತಿ ಕಟ್ಟಿದರೆ ಭೀಮಸೇನ. ಬಿಚ್ಚಿದರೆ ನಮ್ಮ ಪಕ್ಕದ ಹೊಲದ ಈರಪ್ಪ. ಹಳೆಯ ಕನ್ನಡ ಫಾಂಟುಗಳದ್ದು ಇದೇ ಆಟ. ಒಳಗೆ ಕೂತಿರುವುದು ಇಂಗ್ಲಿಷಿನ ಚೂರುಪಾರು ಗುರುತುಗಳು. ಫಾಂಟು ಎಂಬ ಕಿರೀಟ ಕಟ್ಟಿದರೆ ಅವೇ ಕನ್ನಡವಾಗಿ ಕಾಣುತ್ತವೆ. ಹಳೆಯ ಕಂಪ್ಯೂಟರಿನ ಜೊತೆ ಕಿರೀಟ ಗುಜರಿಗೆ ಹೋಯಿತು. ಹೊಸದರಲ್ಲಿ ಉಳಿದವನು ಬರೀ ಈರಪ್ಪ.

ಜನ ತಲೆಗೊಂದು ಮಾತಾಡಿದರು. ಒಬ್ಬರು ಇದು ಚೀನಾ ಮಾಲು ಅಂದರು. ಒಬ್ಬರು ಮಿಲಿಟರಿ ಕೋಡ್ ಅಂದರು. ಮೇಷ್ಟ್ರು, ವಕೀಲರು, ಬ್ಯಾಂಕಿನವರು, ಪೇಪರು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಓಡಾಡುವ ಎಲ್ಲರೂ ಒಬ್ಬರನ್ನೊಬ್ಬರು ಕೇಳುವುದೇ ಕೆಲಸ. "ಹಡಗಲಿದು ಎಷ್ಟನೇದ್ರೀ?" "ನಾನೂ ಅದನ್ನ ಕೇಳಾಕ ಬಂದೆ ನೋಡ್ರಿ."

ಮಳೆಗಾಲ ಮುಗಿಯುತ್ತ ಬಂದಾಗ ಒಮ್ಮೆ ನಾನು ಹರಪನಹಳ್ಳಿಗೆ ಹೊರಟಿದ್ದೆ. ಬೋರ್ಡು ನೋಡುತ್ತ, ಹಲ್ಲು ಕಡಿಯುತ್ತ ಕೂತಿದ್ದೆ. ಪಕ್ಕದಲ್ಲಿ ಹನುಮಕ್ಕ ಬಂದು ಕೂತಳು. ಸಂಜೆ ಮಾರ್ಕೆಟ್ಟಿನ ಮೂಲೆಯಲ್ಲಿ ಸೊಪ್ಪು ಮಾರುವವಳು. ನಾನು ವರ್ಷಗಳಿಂದ ಮೆಂತ್ಯ, ಪುಂಡಿಪಲ್ಯ ತರುವುದು ಅವಳಲ್ಲೇ. ತೊಡೆಯ ಮೇಲೆ ಕೈಚೀಲ, ಚೀಲದಲ್ಲಿ ಕ್ಯಾರಿಯರ್ರು. ಮೆಣಸಿನ ಸಾರಿನ ಘಮ.

"ಎಲ್ಲಿಗವ್ವಾ?"

"ಹರಪನಹಳ್ಳಿಗ್ರಿ ಅಣ್ಣಾರ. ಮಗಳು ಬಾಣಂತಿ. ಎರಡನೇದಲ್ರೀ, ಗಂಡನ ಮನ್ಯಾಗ ಅದಾಳ. ಅತ್ತಿ ಇಲ್ಲದ ಮನಿ. ಕೂಸಿಗೆ ಎರಿಯಾಕ ನಾನ ಹೋಗಬೇಕು. ಬ್ಯಾರೆ ಯಾರು ಎರದ್ರೂ ಹಗಲೆಲ್ಲ ಅಳತೈತಿ. ನಾ ಕಾಲ ಮ್ಯಾಲ ಹಾಕ್ಕೊಂಡು ಬಿಸಿನೀರು ಹುಯ್ದ್ರ ಮುಗೀತು, ಸಂಜೀತನ ಎದ್ದೇಳಂಗಿಲ್ಲ."

"ದಿನಾ ಹೋಗತೀಯಾ? ಒಬ್ಬಾಕಿನ?"

ಹನುಮಕ್ಕ ಸೆರಗು ಸರಿಮಾಡಿಕೊಂಡಳು. ಮುಖದಲ್ಲಿ ಒಂದು ಬೆಳಕು ಬಂತು. "ಮೊದ್ಲು ಮಗ ಕರಕೊಂಡು ಬಂದು ಬಸ್ ಹತ್ತಸ್ತಿದ್ದ. ಅವನಿಗೆ ಅಂಗಡಿ ಬಿಡುವಿಲ್ಲ, ನನಗ ಅವನ ದಾರಿ ಕಾಯೋದು ಆಗಂಗಿಲ್ಲ. ಈಗ ಒಬ್ಬಾಕಿನ ಹೋಗಿ ಒಬ್ಬಾಕಿನ ಬರತೀನಿ. ಯಾರನ್ನೂ ಒಂದು ಮಾತು ಕೇಳಂಗಿಲ್ಲ."

ಯಾರನ್ನೂ ಕೇಳುವುದಿಲ್ಲ! ಆ ಮಾತಿನ ತೂಕ ನನಗೆ ಆಗ ಹತ್ತಲಿಲ್ಲ. ಅಷ್ಟರಲ್ಲಿ ಟೀವಿಯಲ್ಲಿ ಸಾಲು ಬದಲಾಯಿತು. ಹನುಮಕ್ಕ ಎದ್ದಳು. "ಏಳ್ರಿ ಅಣ್ಣಾರ. ಕವಲುಗೂಟ ಬಂತು. ಮೂರನೇದಕ್ಕ ನಿಲ್ತೈತಿ."

ಎಲ್ಲಿಯ ಕವಲುಗೂಟ? ನಾನು ಸುತ್ತ ನೋಡಿದೆ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಚಪ್ಪರ ಹಾಕುತ್ತಿದ್ದಾರೇನೋ ಅಂದುಕೊಂಡೆ. ಏನೂ ಇರಲಿಲ್ಲ. ಹರಪನಹಳ್ಳಿ ಬಸ್ಸು ಮಾತ್ರ ಬಂದು ಮೂರನೆಯ ಪ್ಲಾಟ್‌ಫಾರ್ಮಿನಲ್ಲೇ ನಿಂತಿತು. ವಯಸ್ಸಾದ ಹೆಣ್ಣುಮಗಳು, ಏನೋ ಅಂದಳು ಎಂದು ಬಿಟ್ಟೆ. (ಅವಳಿಗಿಂತ ನಾನು ಎಷ್ಟು ದೊಡ್ಡವನು ಎಂಬುದು ಆ ಗಳಿಗೆಯಲ್ಲಿ ಮರೆತಿತ್ತು.)

ನವೆಂಬರ್ ಬಂತು. ಊರೆಲ್ಲ ಹಳದಿ ಕೆಂಪು ಬಾವುಟ. ಬಾವುಟದ ಕೆಳಗೇ ಬೋರ್ಡಿನಲ್ಲಿ ಈರಪ್ಪನ ಭಾಷೆ. ನಾನು ತಡೆಯಲಾರದೆ ಕೊಟ್ರೇಶಿಯ ರೂಮಿಗೆ ನುಗ್ಗಿದೆ.

"ಕಂಪನಿಯವ್ರಿಗೆ ಫೋನ್ ಮಾಡಿ ಮಾಡಿ ಸಾಕಾತ್ರಿ ಅಜ್ಜಾರ. ನಾಳೆ ನಾಳೆ ಅಂತಾರ. ನಿಮಗ ಬಂದ್ರ ನೀವ ನೋಡ್ರಿ," ಎಂದು ಅವನು ಕುರ್ಚಿ ಬಿಟ್ಟುಕೊಟ್ಟ.

ಆ ಮಧ್ಯಾಹ್ನ ನನ್ನ ಬದುಕಿನ ಒಳ್ಳೆಯ ಮಧ್ಯಾಹ್ನಗಳಲ್ಲಿ ಒಂದು. ಸುಳ್ಳು ಯಾಕೆ ಹೇಳಲಿ? ಮೊದಲು ನನ್ನ ಹಳೆಯ ಪೆನ್ ಡ್ರೈವಿನಿಂದ ಆ ಫಾಂಟು ಹಾಕಿದೆ. ಮೇಜಿನ ಮೇಲಿನ ಪರದೆಯಲ್ಲಿ ಕನ್ನಡ ಬಂತು, ಗೋಡೆಯ ಟೀವಿಯಲ್ಲಿ ಬರಲಿಲ್ಲ. ಹೊಸ ಪ್ರೋಗ್ರಾಮಿಗೆ ಹಳೆಯ ಫಾಂಟು ಒಗ್ಗಲಿಲ್ಲ. ಸರಿ, ಯೂನಿಕೋಡಿನಲ್ಲಿ ಊರುಗಳನ್ನೆಲ್ಲ ಹೊಸದಾಗಿ ಟೈಪ್ ಮಾಡಿದೆ. ಈಗ ಟೀವಿ ತುಂಬ ಖಾಲಿ ಡಬ್ಬಿ, ಇಟ್ಟಿಗೆ ಸಾಲು ಹೊಂದಿಸಿಟ್ಟ ಹಾಗೆ. ಸೆಟ್ಟಿಂಗಿನ ಒಳಗೆ ಹೊಕ್ಕು ಕನ್ನಡ ಫಾಂಟು ಆರಿಸಿದೆ. ಡಬ್ಬಿ ಹೋದವು, ಅಕ್ಷರ ಬಂದವು. ಒತ್ತಕ್ಷರ ಮಾತ್ರ ಕೆಳಗಿಳಿಯಲೊಲ್ಲದು! 'ಹರಪನಹಳ್‌ಳಿ' ಎಂದು ಒಬ್ಬರಿಗೊಬ್ಬರು ಮುನಿಸಿಕೊಂಡ ಅಣ್ಣತಮ್ಮಂದಿರಂತೆ ದೂರ ದೂರ ನಿಂತವು. ಇನ್ನೊಂದು ಫಾಂಟು ಕೊಟ್ಟೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಗೋಡೆಯ ಮೇಲೆ ಒಂದೊಂದೇ ಸಾಲು ಮೂಡಿತು. ಹರಪನಹಳ್ಳಿ. ಹಡಗಲಿ. ಕೂಡ್ಲಿಗಿ. ಕೊಟ್ಟೂರು. ಒತ್ತು, ದೀರ್ಘ, ಯಾವುದಕ್ಕೂ ಕೊರತೆ ಇಲ್ಲ.

ಹೊರಗೆ ಚಪ್ಪಾಳೆ ಬಿತ್ತು. ಬಸ್ಸಿಗೆ ಕಾದಿದ್ದ ಜನ ಹೊಡೆದದ್ದು. ನನ್ನ ಕಣ್ಣಲ್ಲಿ ನೀರು ಬಂತು. ಕೊಟ್ರೇಶಿ ಫೋಟೊ ಹೊಡೆದು ಮೇಲಿನವರಿಗೆ ಕಳಿಸಿದ.

ಸುದ್ದಿ ಊರ ಕನ್ನಡ ಸಂಘದವರ ಕಿವಿಗೆ ಬಿತ್ತು. ಅವರಿಗೂ ನವೆಂಬರ್‌ನಲ್ಲಿ ಸನ್ಮಾನಕ್ಕೆ ಒಬ್ಬರು ಬೇಕಾಗಿದ್ದರು. ಮರುದಿನವೇ ಬಸ್ ಸ್ಟ್ಯಾಂಡಿನಲ್ಲೇ, ಅದೇ ಬೋರ್ಡಿನ ಕೆಳಗೇ ಶಾಮಿಯಾನ. ಮುಂಜಾನೆ ಹೊತ್ತಿಗೇ ಮೈಕು. ನನಗೆ ಎತ್ತರದ ಕುರ್ಚಿ, ಶಾಲು, ಹಾರ, ಹಣ್ಣಿನ ಬುಟ್ಟಿ. ಸಂಘದ ಅಧ್ಯಕ್ಷರು, "ಅಜ್ಜಾರು ಕನ್ನಡ ತಾಯಿಯ ಮಾರಿ ತೊಳದಾರ" ಎಂದರು. ನಾನು ತಲೆ ತಗ್ಗಿಸಿ ಕೂತೆ. ವಿನಯ ತೋರಿಸಲಿಕ್ಕೆ. ಒಳಗೆ ತಲೆ ಶಾಮಿಯಾನಕ್ಕೆ ತಾಗುತ್ತಿತ್ತು.

ಆಗ ಜನರನ್ನು ಸರಿಸಿಕೊಂಡು ಹನುಮಕ್ಕ ಬಂದಳು. ಕೈಯಲ್ಲಿ ಅದೇ ಚೀಲ. ಬೋರ್ಡು ನೋಡುತ್ತಾಳೆ, ಬಸ್ಸು ನೋಡುತ್ತಾಳೆ, ಮತ್ತೆ ಬೋರ್ಡು ನೋಡುತ್ತಾಳೆ. ಅಲ್ಲಿದ್ದವರಲ್ಲಿ ಗುರುತಿನ ಮುಖ ನನ್ನದೊಂದೇ ಇರಬೇಕು. ನೇರ ನನ್ನ ಕುರ್ಚಿಯ ಹತ್ತಿರವೇ ಬಂದಳು.

"ಅಣ್ಣಾರ, ಬೋರ್ಡಿಗೆ ಏನಾತ್ರಿ? ಹರಪನಹಳ್ಳಿದು ಯಾವುದ್ರಿ? ಲಗೂ ಹೇಳ್ರಿ."

ಒಂದು ಮಾತು. 'ನಾಲ್ಕನೇದಕ್ಕೆ ಹೋಗವ್ವ' ಎಂದಿದ್ದರೆ ಮುಗಿದಿತ್ತು. ನನ್ನ ಬಾಯಿಂದ ಅದು ಬರಲಿಲ್ಲ. ಶಾಲಿನೊಳಗಿಂದ ಬಲಗೈ ತೆಗೆದು, ಬೋರ್ಡಿನ ಕಡೆ ಚಾಚಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಅಲ್ಲೇ ಬರದೈತಲ್ಲವ್ವ, ಚಂದಾಗಿ ಕನ್ನಡದಾಗ!"

ಮೈಕು ಹತ್ತಿರವೇ ಇತ್ತು. ಸ್ಟ್ಯಾಂಡಿಗೆಲ್ಲ ಕೇಳಿತು. ಜನ ನಕ್ಕರು, ಚಪ್ಪಾಳೆ ಹೊಡೆದರು. ಯಾರೋ ಹನುಮಕ್ಕನಿಗೆ "ಸರಿಯಮ್ಮ, ಫೋಟೊಕ್ಕ ಅಡ್ಡ ಬರ್ತಿ" ಅಂದರು. ಅವಳು ಸರಿದಳು. ಮಾರನೆಯ ದಿನ ಪೇಪರಿನಲ್ಲಿ ಫೋಟೊ ಬಂತು: ನಾನು ಬೋರ್ಡಿನ ಕಡೆ ಕೈ ಚಾಚಿ ನಾಡಿಗೆ ದಾರಿ ತೋರಿಸುತ್ತಿದ್ದೇನೆ. ಹನುಮಕ್ಕ ಇಲ್ಲ. ಕತ್ತರಿಸಿದ್ದಾರೆ.

ನಾನು ಆ ಫೋಟೊ ನಾಲ್ಕು ಜನಕ್ಕೆ ತೋರಿಸಿ, ಸಂಜೆ ಸೊಪ್ಪಿಗೆ ಹೋದೆ. ಹನುಮಕ್ಕನ ಜಾಗ ಖಾಲಿ. ಅದರ ಮರುದಿನವೂ ಖಾಲಿ. ಇನ್ನೂ ಒಂದೆರಡು ದಿನ ಬಿಟ್ಟು ಬಂದಳು.

"ಎರಡು ಕಟ್ಟು ಪುಂಡಿಪಲ್ಯ ಕೊಡವ್ವ," ಅಂದೆ.

ಅವಳು ತಲೆ ಎತ್ತಲಿಲ್ಲ. ಸೊಪ್ಪಿಗೆ ನೀರು ಚಿಮುಕಿಸುತ್ತ ಹೇಳಿದಳು: "ಅಲ್ಲೇ ಐತಲ್ರಿ, ಚಂದಾಗಿ ಕನ್ನಡದಾಗ. ನೋಡಿ ತಗೊಳ್ರಿ."

ಪಕ್ಕದಲ್ಲಿ ಟೊಮ್ಯಾಟೊ ಮಾರುವವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಇಡೀ ಸಾಲಿಗೆ ವಿಷಯ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು.

"ಏನಾತವ್ವಾ?"

"ಏನಾಗಬೇಕ್ರಿ? ಆವತ್ತು ನಿಮ್ಮ ಭಾಷಣದ ಗದ್ಲದಾಗ ಮಂದಿ ಹತ್ತೋ ಬಸ್ಸು ಹತ್ತಿದೆ. ಗುಡ್ಡದ ಹತ್ರ ಕಂಡಕ್ಟರ್ ಬಂದು, 'ಎಲ್ಲಿಗಮ್ಮ, ಇದು ಹಿರೇಹಡಗಲಿ ಗಾಡಿ' ಅಂತ ಅಲ್ಲೇ ಇಳಿಸಿದ. ಬಿಸಲಾಗ ವಾಪಸ್ ನಡಕೊಂಡು ಬಂದೆ. ಮಧ್ಯಾಹ್ನದ ಬಸ್ಸಿಗೆ ಹೋಗೋದ್ರಾಗ ಅಲ್ಲಿ ಕೂಸು ಅತ್ತೂ ಅತ್ತೂ ನೀಲಿ ಆಗೇತಿ. ಮಗಳು ಕಾದು ಕಾದು ತಾನ ಹಂಡೇಕ ಉರಿ ಹಾಕಿ, ನೀರು ಹೊತ್ತು, ಕೂಸಿಗೆ ಎರದಾಳ. ಹಸೀ ಬಾಣಂತಿ ಅಣ್ಣಾರ! ಸಂಜೀಕ ಜ್ವರ ಬಂತು."

"ಈಗ?"

"ಈಗ ಇಳದೈತಿ. ನನ್ನ ಮಗ ಮಾತ್ರ ಏರ್ಯಾನ. 'ಇನ್ನ ಒಬ್ಬಾಕಿ ಹೋಗಬ್ಯಾಡ, ಭಾನುವಾರ ನಾನ ಬೈಕಿನ ಮ್ಯಾಲ ಬಿಡ್ತೀನಿ' ಅಂತ ಕುಂತಾನ. ಕೂಸು ಏನು ಭಾನುವಾರಕ್ಕೊಮ್ಮೆ ಜಳಕ ಮಾಡ್ತೈತೇನ್ರಿ?"

ನಾನು ಆಗ ಮಾಡಿದ್ದು ಎರಡನೆಯ ತಪ್ಪು. "ಅದು... ಬೋರ್ಡು ಬದಲಿ ಮಾಡಿದ್ದು ಕಂಪ್ಯೂಟರ್ ಹನುಮಕ್ಕ," ಎಂದೆ.

"ಹಂಗಾದ್ರ ಶಾಲು ಕಂಪ್ಯೂಟರಿಗೆ ಹೊದಿಸಬೇಕಿತ್ತಲ್ರಿ?"

ಟೊಮ್ಯಾಟೊದವಳು ಈ ಸಲ ಸೆರಗು ಹಿಡಿಯದೇ ನಕ್ಕಳು.

ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಇಷ್ಟು ದಿನ ಹೇಗೆ ಬಸ್ಸು ಹಿಡಿಯುತ್ತಿದ್ದೆ ಎಂದು ಕೇಳಿದೆ. ಅವಳಿಗೆ ಓದು ಬರುವುದಿಲ್ಲ ಎಂಬುದು ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ ಎಂದರೆ ನಂಬುತ್ತೀರಾ? ಚಿಲ್ಲರೆಯಲ್ಲಿ ಒಂದು ದಿನ ತಪ್ಪಿದವಳಲ್ಲ. ಅಂಕಿ ಬರುತ್ತವೆ, ಅಕ್ಷರ ಬರುವುದಿಲ್ಲ.

ಹನುಮಕ್ಕ ಪುಂಡಿಯ ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಗೀಚಿದಳು. ಮೇಲೆ ಎರಡು ಕವಲು ಒಡೆದ ಗೂಟ. ಗೂಟದ ನಡುವೆ ಎರಡು ಅಡ್ಡ ಗೆರೆ. "ಚಪ್ಪರದ ಕವಲುಗೂಟಕ್ಕ ಎರಡು ಸುತ್ತು ಹಗ್ಗ ಬಿಗದಂಗ. ಇದಿದ್ರ ಹರಪನಹಳ್ಳಿ."

¥. ಇಷ್ಟು ವರ್ಷ ಆ ಗುರುತು ನನ್ನ ಬೆರಳಿನ ಕೆಳಗೆ ಓಡಾಡಿದೆ. ನಮ್ಮ ಹಳೆಯ ಫಾಂಟಿನಲ್ಲಿ 'ಪ'ದ ಹಿಂದೆ ಅಡಗಿ ಕೂತಿರುವುದು ಅದೇ. ನಾನು ಒಂದು ದಿನವೂ ಅದನ್ನು ನೋಡಿರಲಿಲ್ಲ.

"ಹೊಸಪೇಟಿಗೂ ಗೂಟ ಬರಬೇಕಲ್ಲವ್ವಾ?" ಎಂದೆ. ಕಸುಬಿನ ಚಟ, ಬಿಡುವುದಿಲ್ಲ ನೋಡಿ.

"ಬರ್ತೈತಿ. ಮೊದ್ಲು ಒಮ್ಮೆ ಏಮಾರಿ ಹೊಸಪೇಟಿ ಬಸ್ಸಿಗೆ ಕಾಲಿಟ್ಟಿದ್ದೆ. ಆಮ್ಯಾಲ ನೋಡಿದ್ರ ಹರಪನಹಳ್ಳಿಗೆ ಗೂಟದ ಮುಂದ ಒಂದು ಕುಡುಗೋಲು ನಿಂತೈತಿ. ಹಡಗಲಿಗೆ ಕಡೀಕ ಒಂದು ಸಣ್ಣ ಉಂಗುರ. ಕೂಡ್ಲಿಗಿಗೆ ಹಕ್ಕಿ ಬಾಯಿ ತಗದಂಗ. ಕೊಟ್ಟೂರಿಗೆ ಮ್ಯಾಲ ಎರಡು ಕಣ್ಣಿರೋ ಗಡಿಗಿ. ಎಲ್ಲಾ ಬ್ಯಾರೆ ಬ್ಯಾರೆ, ಎಷ್ಟು ಚಂದ ಇದ್ದವು! ಈಗ ನೀವು ಹಾಕಿದ್ದು ಏನ್ರಿ ಅವು? ಎಲ್ಲಾ ಒಂದ ನಮೂನಿ ಗುಂಡು ಗುಂಡು. ತಟ್ಟಿಟ್ಟ ಬೆರಣಿ ಸಾಲು ನೋಡಿದಂಗ."

ಕನ್ನಡ ಲಿಪಿಯ ಬಗ್ಗೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಮುತ್ತು ಪೋಣಿಸಿದಂತೆ ಅನ್ನುವವರೇ ಎಲ್ಲ. ಬೆರಣಿ ಎಂದವಳು ಇವಳೊಬ್ಬಳೇ. ಜಗಳ ಮಾಡುವ ಹಾಗೂ ಇರಲಿಲ್ಲ. ಓದಿದವರು ಬೋರ್ಡಿನ ಕೆಳಗೆ ಕುರುಡರಾಗಿ ನಿಂತಿದ್ದಾಗ, ಓದಲು ಬರದ ಈಕೆ ಒಬ್ಬಳೇ ತಲೆಯೆತ್ತಿ ನೋಡಿ, ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿದ್ದಳು. ನಾನು ಮಾಡಿದ ರಿಪೇರಿ ಏನು? ನಮಗೆ ಬೋರ್ಡು ವಾಪಸ್ ಬಂತು. ಅವಳಿಂದ ಹೋಯಿತು.

ಹಾಗಾಗಿಯೇ ನಾನು ಕೊಟ್ರೇಶಿಯ ಮುಂದೆ ಕೈಮುಗಿದು ನಿಂತದ್ದು.

ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದ. ನಗಲಿಲ್ಲ, ಒಳ್ಳೆಯ ಹುಡುಗ. "ಹೌದ್ರಿ ಅಜ್ಜಾರ, ಪಾಪ. ಆದ್ರ ಫೋಟೊ ಮ್ಯಾಲಕ್ಕ ಹೋಗಿಬಿಟ್ಟೈತಿ. ಸಾಹೇಬ್ರು ಶಾಬಾಸ್ ಅಂದಾರ. ಈಗ ಕೆಡಿಸಿದ್ರ ನನ್ನ ಕೆಲಸ ಕೆಡ್ತೈತಿ."

"ಪೂರ್ತಿ ಬ್ಯಾಡ. ಹರಪನಹಳ್ಳಿ ಪಕ್ಕ ಅದೊಂದು ಗುರುತು ಹಾಕೋಣ. ಕವಲುಗೂಟ."

ಅವನು ನಾನು ಬರೆದು ತೋರಿಸಿದ್ದನ್ನು ನೋಡಿ ಹುಬ್ಬು ಗಂಟಿಕ್ಕಿದ. ಫೋನಿನಲ್ಲಿ ಏನೋ ಹುಡುಕಿದ. "ಅಜ್ಜಾರ, ಇದು ಜಪಾನಿನವ್ರ ರೊಕ್ಕದ ಗುರುತಂತ್ರಿ! ನವೆಂಬರ್ ತಿಂಗಳದಾಗ ಕನ್ನಡ ಬೋರ್ಡಿನ ಮ್ಯಾಲ ಜಪಾನ್ ರೊಕ್ಕ ಕುಂದರಿಸಿದ್ರ, ನಿಮಗ ಶಾಲು ಹೊದಿಸಿದವ್ರ ನನಗ ಬಂದು ಹೊದಿಸ್ತಾರ, ಬ್ಯಾರೆ ಥರ."

ಅವನ ಮಾತೂ ನಿಜ. ನಾನು ಬರಿಗೈಯಲ್ಲಿ ಬಂದೆ. ಅಲ್ಲ, ಒಂದು ಸ್ಲೇಟು ಕೊಂಡು ಬಂದೆ. ಮುದುಕರ ಬುದ್ಧಿ ನೋಡಿ: ಒಂದು ಉಪಕಾರ ಮಾಡಿ ಕೆಡಿಸಿದ್ದನ್ನು ಇನ್ನೊಂದು ಉಪಕಾರ ಮಾಡಿ ತೇಪೆ ಹಾಕುವುದು.

ಸ್ಲೇಟು ಹಿಡಿದು ಹನುಮಕ್ಕನ ಮನೆಗೆ ಹೋದೆ. ಮಗ ಮಂಜುನಾಥ ಬಾಗಿಲಲ್ಲೇ ಬೈಕು ಒರೆಸುತ್ತಿದ್ದ. ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. "ಬರ್ರಿ ಅಜ್ಜಾರ! ನಿಮ್ಮ ಸನ್ಮಾನದ ಫೋಟೊ ನಾನೂ ಸ್ಟೇಟಸ್ ಇಟ್ಟಿದ್ದೆ," ಎಂದ.

ಇದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು.

ಹೇಳಿದೆ. ಆವತ್ತು ನಿನ್ನ ತಾಯಿ ಬಂದು ಬಸ್ಸು ಕೇಳಿದ್ದು ನನ್ನನ್ನೇ, ಹೇಳದೆ ಬೋರ್ಡಿಗೆ ಕೈ ತೋರಿಸಿದವನು ನಾನೇ, ಫೋಟೊದಲ್ಲಿ ಚಾಚಿರುವ ಕೈ ಅದೇ. ದಾರಿ ತಪ್ಪಿದ್ದು ಅವಳಲ್ಲ. ತಪ್ಪಿಸಿದ್ದು ನಾನು. ಅವಳನ್ನು ತಡೆಯಬೇಡ.

ಮಂಜುನಾಥ ಬಟ್ಟೆ ಹಿಂಡಿದ. "ತಪ್ಪು ಯಾರ್ದರ ಇರಲಿ ಅಜ್ಜಾರ, ಬಿಸಲಾಗ ನಡದಾಕಿ ನಮ್ಮವ್ವ. ಅದಕ್ಕ ನಾ ಫೋನಿನಾಗ ಮಾತಾಡೋ ಆಪ್ ಹಾಕಿಕೊಡ್ತೀನಿ ಅಂದೆ. ಬಸ್ಸಿನ ಬೋರ್ಡಿಗೆ ಹಿಡಿದ್ರ ಅದ ಓದಿ ಹೇಳ್ತೈತಿ."

ಒಳಗಿನಿಂದ ಹನುಮಕ್ಕನ ದನಿ ಬಂತು. "ಹೂಂ, ಎಲ್ಲಾರ ಮುಂದ ಅದು ಒದರಲಿ, ಈಕಿಗೆ ಓದಾಕ ಬರಂಗಿಲ್ಲಂತ. ಅದನ್ನ ನೀನ ಇಟ್ಕೊಳಲೇ."

ನಾನು ಸ್ಲೇಟು ಮುಂದೆ ಮಾಡಿದೆ. "ಹಂಗಾದ್ರ ನಾ ಕಲಸ್ತೀನವ್ವ. ದಿನಾ ಸಂಜಿ ಒಂದು ಅಕ್ಷರ..."

"ಅಷ್ಟೊತ್ತಿಗೆ ಕೂಸು ಮೀಸಿ ಬಿಟ್ಟಿರ್ತೈತಿ. ನನಗ ಬಸ್ಸು ಬೇಕಾಗೇತಿ ಅಣ್ಣಾರ, ಸಾಲಿ ಬ್ಯಾಡ." ಹೊರಗೆ ಬಂದಳು. ಮಗನನ್ನು ನೋಡಿದಳು. "ನಾಳೆ ಒಂದು ದಿನ ಬಿಡಲೇ. ತಪ್ಪಿದ್ರ ನೀ ಹೇಳಿದಂಗ ಭಾನುವಾರಕ್ಕ ಕುಂದರ್ತೀನಿ. ಮತ್ತ ಬಾಯಿ ತಗಿಯಂಗಿಲ್ಲ."

ಮಂಜುನಾಥ ಬಹಳ ಹೊತ್ತು ಬೈಕಿನ ಕನ್ನಡಿಯನ್ನೇ ಒರೆಸಿದ. "ತಪ್ಪಿದ್ರ ಇಲ್ಲ ನೋಡು ಮತ್ತ," ಎಂದ.

ಹನುಮಕ್ಕ ಚಪ್ಪಲಿ ಮೆಟ್ಟಿಕೊಂಡಳು. "ನಡೀರಿ ಅಣ್ಣಾರ. ಯಾವ ಬೆರಣಿ ಯಾವ ಊರು ಅಂತ ಒಮ್ಮೆ ತೋರಸ್ರಿ. ಅಷ್ಟ ಸಾಕು. ಅಕ್ಷರದ ಹೆಸರು ಹೇಳಬ್ಯಾಡ್ರಿ."

ಹೋದೆವು. ಬೆಂಚಿನ ಮೇಲೆ ಕೂತೆವು. ಟೀವಿಯಲ್ಲಿ ಸಾಲು ಬಂದಾಗ "ಇದು ಹರಪನಹಳ್ಳಿ" ಎಂದೆ. "ಇದು ಹಡಗಲಿ" ಎಂದೆ. ಎರಡೂ 'ಹ'ದಿಂದ ಶುರು. ಎರಡಕ್ಕೂ ಕೊನೆಗೆ ಮೇಲೊಂದು ಗುಡಿಸು. ಎಷ್ಟು ಹೋಲುತ್ತವೆ ಎಂದು ಅಷ್ಟು ವರ್ಷ ಮೊಳೆ ಜೋಡಿಸಿದ ನನಗೆ ಆವತ್ತೇ ಕಂಡದ್ದು. "ಮೊದ್ಲನೇ ಅಕ್ಷರ ಬಿಟ್ಟು..." ಎಂದು ಬಾಯಿ ತೆರೆದೆ. ಹನುಮಕ್ಕ ಕೈ ಎತ್ತಿದಳು. ಅವಳು ಕೂತು ನೋಡಿದಳು. ಸಾಲು ಹೋಗುತ್ತದೆ, ಮತ್ತೆ ಬರುತ್ತದೆ, ಅವಳು ನೋಡುತ್ತಾಳೆ. ಸೊಪ್ಪಿನ ಕಟ್ಟಿನಲ್ಲಿ ಕೊಳೆತ ಎಲೆ ಹುಡುಕುವಾಗ ನೋಡುವ ಹಾಗೆ, ಕಣ್ಣು ಕಿರಿದು ಮಾಡಿಕೊಂಡು. ಕೊನೆಗೆ ಮೊಣಕಾಲಿಗೆ ಕೈ ಕೊಟ್ಟು ಎದ್ದಳು.

"ಆತು."

"ಏನಾತು?"

"ಆತು ಅಂದ್ನಲ್ರಿ. ನಡೀರಿ, ಸೊಪ್ಪು ಬಾಡತೈತಿ."

ಮರುದಿನ ಮುಂಜಾನೆ ನಾನು ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯ ಹಿಂದೆ ನಿಂತಿದ್ದೆ, ಪೇಪರು ಮುಖಕ್ಕೆ ಅಡ್ಡ ಹಿಡಿದು. ಆಚೆ ಚಹಾದಂಗಡಿ ಹತ್ತಿರ ಒಬ್ಬ ಹೆಲ್ಮೆಟ್ ತೆಗೆಯದೇ ಚಹಾ ಕುಡಿಯಲು ಒದ್ದಾಡುತ್ತಿದ್ದ. ಮಂಜುನಾಥನೇ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನೋಡಿಲ್ಲ ಎಂಬಂತೆ ಇದ್ದೆವು.

ಹನುಮಕ್ಕ ಬಂದಳು. ಚೀಲವನ್ನು ಎದೆಗೆ ಒತ್ತಿಕೊಂಡು ಬೋರ್ಡಿನ ಕೆಳಗೆ ನಿಂತಳು. ಎರಡನೆಯ ಪ್ಲಾಟ್‌ಫಾರ್ಮಿಗೆ ಒಂದು ಬಸ್ಸು ಬಂದು ನಿಂತಿತು. ಹಡಗಲಿಯದು. ಜನ ನುಗ್ಗಿದರು. ಹನುಮಕ್ಕ ಬೋರ್ಡು ನೋಡಿದಳು, ಎರಡನೆಯ ಪ್ಲಾಟ್‌ಫಾರ್ಮಿನ ಕಡೆ ಹೆಜ್ಜೆ ಹಾಕಿದಳು. ನಾನು ಪೇಪರು ಇಳಿಸಿದೆ. ಮಂಜುನಾಥ ಚಹಾ ಕೆಳಗಿಟ್ಟ. ಅವಳು ಬಸ್ಸಿನ ಬಾಗಿಲವರೆಗೆ ಹೋದಳು. ಕೂಗಬೇಕು ಎಂದು ನನ್ನ ಬಾಯಿ ತೆರೆಯಿತು, ಕೂಗಿದರೆ ಎಲ್ಲ ಮುಗಿಯಿತು ಎಂದು ಮುಚ್ಚಿಕೊಂಡಿತು. ಒಬ್ಬ ಮುದುಕಿ ಗಂಟು ಹೊತ್ತು ಮೆಟ್ಟಿಲು ಹತ್ತಲಾರದೆ ನಿಂತಿದ್ದಳು. ಹನುಮಕ್ಕ ಆಕೆಯ ಗಂಟು ಎತ್ತಿ ಒಳಗಿಟ್ಟು, ಆಕೆಯ ಸೊಂಟಕ್ಕೆ ಕೈ ಕೊಟ್ಟು ಹತ್ತಿಸಿ, ವಾಪಸು ಬಂದು ಬೋರ್ಡಿನ ಕೆಳಗೇ ನಿಂತಳು.

ಹಡಗಲಿ ಬಸ್ಸು ಹೋಯಿತು. ಬೋರ್ಡಿನಲ್ಲಿ ಸಾಲು ಬದಲಾಯಿತು. ಹನುಮಕ್ಕ ತಲೆ ಎತ್ತಿ ನೋಡಿದಳು. ಒಮ್ಮೆ ಮಾತ್ರ. ಬಸ್ಸು ಇನ್ನೂ ಬಂದಿರಲೇ ಇಲ್ಲ, ಆಗಲೇ ನೇರ ನಡೆದು ನಾಲ್ಕನೆಯ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತಳು. ಹರಪನಹಳ್ಳಿ ಬಸ್ಸು ಬಂದು ಅವಳ ಮುಂದೆಯೇ ಬಾಗಿಲು ತೆರೆಯಿತು.

ಮಂಜುನಾಥ ಬೈಕಿಗೆ ಕಿಕ್ ಹೊಡೆದು, ತಿರುಗಿ ನೋಡದೆ ಅಂಗಡಿಗೆ ಹೋದ. ನನಗೆ ಅಷ್ಟಕ್ಕೆ ಬಿಡಲಾಗಲಿಲ್ಲ. ಏದುಸಿರು ಬಿಡುತ್ತ ಓಡಿ ಹೋಗಿ ಕಿಟಕಿ ಹಿಡಿದುಕೊಂಡೆ. ಹನುಮಕ್ಕ ಚೀಲ ತೊಡೆಯ ಮೇಲಿಟ್ಟುಕೊಂಡು ರಾಣಿಯ ಹಾಗೆ ಕೂತಿದ್ದಳು.

"ಹನುಮಕ್ಕ, ಯಾವ ಗುರುತು ಹಿಡಿದಿ? ಅದೊಂದು ಹೇಳವ್ವ."

"ಹೇಳಂಗಿಲ್ರಿ."

"ಯಾಕವ್ವಾ?"

ಬಸ್ಸು ಕದಲಿತು. ಹನುಮಕ್ಕ ಕಿಟಕಿಯಿಂದ ಬಗ್ಗಿ ಹೇಳಿದಳು: "ಹೇಳಿದ್ರ ನೀವು ಅದನ್ನೂ ಸರಿ ಮಾಡಿಬಿಡ್ತೀರಿ!"